ಲೋಟದ ಬಾಯಿ, ಈಳಿಗೆಮಣೆ ಮತ್ತು ಒಂದು ಬಾಲ್ ಪೆನ್ನು

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಾನು ಕೋಲಾರದವಳು, ವಯಸ್ಸು 43. ಆಫೀಸು, ಮನೆ ಎರಡೂ ಇದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸ್ ಮಾಡಿದ್ದೆ, ಆಮೇಲೆ ಬಿಟ್ಟೇ ಹೋಯಿತು. ಹೋದ ವರ್ಷ ಆಸೆಪಟ್ಟು ಒಂದು ಸ್ಕೆಚ್ ಬುಕ್, ನಾಲ್ಕು ಕಪ್ಪು ಪೆನ್ನು ತಂದೆ. ಮನೆ ಸಾಮಾನುಗಳನ್ನೇ ಬರೆಯೋಣ ಅಂತ ಕೂತರೆ ಲೋಟ ಸೊಟ್ಟ ಬರುತ್ತದೆ, ಗೆರೆ ನಡುಗುತ್ತದೆ, ಇಂಕು ಅಳಿಸೋಕೂ ಆಗುವುದಿಲ್ಲ. ಮೂರು ಪುಟಕ್ಕೇ ನಿಂತಿದೆ. ಫೋನಿನಲ್ಲಿ ಬೇರೆಯವರು ಬರೆದದ್ದು ನೋಡಿದರೆ ಇನ್ನೂ ಬೇಜಾರು. ಮೊದಲು ಪೆನ್ಸಿಲ್ಲಿನಲ್ಲಿ ಬರೆದು ಆಮೇಲೆ ಇಂಕು ತಿದ್ದಲಾ? ಕ್ಲಾಸಿಗೆ ಸೇರಲಾ? ಆಗಿನ ಖುಷಿ ಮತ್ತೆ ಬರುತ್ತದಾ?

ಉತ್ತರ: ನೋಡಿ ಅಮ್ಮ, ಮೊದಲ ಕೆಲಸ, ಆ ಸ್ಕೆಚ್ ಬುಕ್ಕನ್ನು ಎತ್ತಿ ಬೀರುವಿನ ಮೇಲಿಡಿ. ಬಿಸಾಕಬೇಡಿ, ದುಡ್ಡು ಕೊಟ್ಟು ತಂದಿದ್ದೀರಿ, ಎರಡು ಮೂರು ತಿಂಗಳ ಮೇಲೆ ಬೇಕಾಗುತ್ತದೆ. ಈಗ ಬೇಡ ಅಷ್ಟೇ. ಅಷ್ಟು ದಪ್ಪದ, ಅಷ್ಟು ಬೆಳ್ಳಗಿರುವ ಹಾಳೆ ಮುಂದಿಟ್ಟುಕೊಂಡರೆ ಯಾರಿಗಾದರೂ ಕೈ ನಡುಗುತ್ತದೆ. ಹೊಸ ಬಿಳಿ ಪಂಚೆ ಉಟ್ಟುಕೊಂಡು ಮುದ್ದೆ ಸಾರು ಉಣ್ಣೋಕೆ ಕೂತ ಹಾಗೆ. ಊಟದ ಮೇಲೆ ಗಮನವೇ ಇರುವುದಿಲ್ಲ, ಪಂಚೆ ಮೇಲೇ ಇರುತ್ತದೆ.

ಮನೆಯಲ್ಲಿ ಮಕ್ಕಳ ಹೋದ ವರ್ಷದ ನೋಟ್ ಬುಕ್ಕುಗಳು ಇರುತ್ತವೆ ಅಲ್ವಾ? ಹಿಂದಿನ ಇಪ್ಪತ್ತು ಮೂವತ್ತು ಪುಟ ಖಾಲಿ ಉಳಿದಿರುತ್ತವೆ. ಅವನ್ನು ಕಿತ್ತು ಪಿನ್ ಹೊಡೆಯಿರಿ. ಗೆರೆ ಹಾಕಿದ ಪುಟವಾದರೂ ಪರವಾಗಿಲ್ಲ. ಒಂದು ಲೆಕ್ಕಕ್ಕೆ ಅದೇ ಒಳ್ಳೆಯದು, ಅದರ ಮೇಲೆ ಬರೆದದ್ದನ್ನು ಯಾರೂ ಫ್ರೇಮ್ ಹಾಕಿಸೋದಿಲ್ಲ, ನಿಮಗೂ ಆ ಯೋಚನೆ ಬರೋದಿಲ್ಲ.

ನಮ್ಮ ಭಾಷೆಯಲ್ಲಿ ಒಂದು ಮಜಾ ಇದೆ, ಗಮನಿಸಿದ್ದೀರಾ? ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಅಂಗಡಿಗೆ ಹೋಗುವ ಮುಂಚೆ ನೀವು ಚೀಟಿ ಬರೆಯುತ್ತೀರಿ. ತೊಗರಿಬೇಳೆ 1 ಕೆಜಿ, ಹುಣಸೆಹಣ್ಣು ಅರ್ಧ ಕೆಜಿ, ಸೋಪು 2. ಅದನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೆದು ಆಮೇಲೆ ಪೆನ್ನಿನಲ್ಲಿ ತಿದ್ದುತ್ತೀರಾ? ಅಕ್ಷರ ಸೊಟ್ಟ ಬಂತು ಅಂತ ಹರಿದು ಹಾಕುತ್ತೀರಾ? ಮನೆಗೆ ಬೇಳೆ ಬಂದರೆ ಸಾಕು. ಲೋಟದ ಚಿತ್ರವೂ ಅಂಥದೇ ಒಂದು ಚೀಟಿ ಅಂದುಕೊಳ್ಳಿ. ಇಲ್ಲೊಂದು ಲೋಟ ಇದೆ, ಬಾಯಿ ಇಷ್ಟು ಅಗಲ, ಅಂಚು ಹೀಗೆ ಹೊರಕ್ಕೆ ಮಡಚಿದೆ, ಎಡಗಡೆ ಒಂದು ತಗ್ಗು ಬಿದ್ದಿದೆ, ತಳದ ಹತ್ತಿರ ಯಾರದೋ ಹೆಸರು ಕೊರೆದಿದ್ದಾರೆ. ಇಷ್ಟನ್ನು ಬರೆದುಕೊಳ್ಳೋದು. ನೀವು ಮೂರು ಪುಟ ಕೂತಿದ್ದು ಒಂದು ಒಳ್ಳೇ ಚಿತ್ರ ಬರೆಯಬೇಕು ಅಂತ. ಲೋಟ ಪಾಪ ಪಕ್ಕದಲ್ಲಿ ಸುಮ್ನೆ ಕೂತಿತ್ತು.

ನನಗೂ ಹೀಗೇ ಆಗಿತ್ತು, ಅದೂ ನಿಮಗಿಂತ ಜಾಸ್ತಿ ವರ್ಷ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಅಂದರೆ ವಾರ್ಷಿಕೋತ್ಸವದ ಬ್ಯಾನರ್ರು, ವಿಜ್ಞಾನದ ಚಾರ್ಟು, ಗೋಡೆ ಮೇಲೆ ಗಾದೆ, ಅಕ್ಟೋಬರ್ 2ಕ್ಕೆ ಗಾಂಧಿ, ನವೆಂಬರ್ 14ಕ್ಕೆ ನೆಹರೂ. ಗಾಂಧಿ ಕನ್ನಡಕ ಕಣ್ಣು ಮುಚ್ಚಿ ಬರೆಯುತ್ತಿದ್ದೆ. ನನಗಾಗಿ ಏನಾದರೂ ಬರೆದೆನಾ ಅಂದರೆ ಇಲ್ಲ. ರಿಟೈರ್ ಆಗಿ ಚಿಂತಾಮಣಿ ಪಕ್ಕದ ನಮ್ಮೂರಿಗೆ ಬಂದು (2007ರವರೆಗೆ ನಾವೂ ನಿಮ್ಮ ಕೋಲಾರ ಜಿಲ್ಲೆಯವರೇ) ಎರಡು ಹಸು ಕಟ್ಟಿದೆ. ಬೆಳಗ್ಗೆ ಡೈರಿಗೆ ಹಾಲು ಹಾಕೋಕೆ ಹೋದರೆ ಕ್ಯೂ. ಒಂದು ದಿನ ಫೋನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಮೇಜಿನ ಮೇಲೆ ರಿಜಿಸ್ಟರು, ಮೇಜಿನ ಕಾಲಿಗೆ ದಾರ ಕಟ್ಟಿದ ಬಾಲ್ ಪೆನ್ನು, ನನ್ನ ಜೇಬಿನಲ್ಲಿ ಹಿಂದಿನ ದಿನದ ಹಾಲಿನ ಚೀಟಿ. ಎದುರಿಗಿದ್ದ ಅಲ್ಯೂಮಿನಿಯಂ ಕ್ಯಾನನ್ನು ಚೀಟಿಯ ಹಿಂಬದಿಗೆ ಬರೆಯೋಕೆ ಶುರು ಮಾಡಿದೆ. ದಾರ ಗಿಡ್ಡ, ಪೆನ್ನು ಅರ್ಧ ಗೇಣಿಗಿಂತ ಆಚೆ ಹೋಗುತ್ತಿರಲಿಲ್ಲ, ಹಾಗಾಗಿ ಪೆನ್ನನ್ನು ಒಂದೇ ಕಡೆ ಹಿಡಿದು ಚೀಟಿಯನ್ನೇ ಆ ಕಡೆ ಈ ಕಡೆ ತಿರುಗಿಸುತ್ತಾ ಬರೆದೆ. ಒಂದು ಕಡೆಯ ಹಿಡಿ ಬಾಕಿ ಇರುವಾಗಲೇ ನನ್ನ ಸರದಿ ಬಂತು. ಹಿಂದೆ ನಿಂತಿದ್ದ ಹುಡುಗ ಬಗ್ಗಿ ನೋಡಿ, "ತಾತ, ಇದು ನಮ್ ಕ್ಯಾನು" ಅಂದ. ಎಲ್ಲಾ ಕ್ಯಾನೂ ಒಂದೇ ಥರ ಇರುತ್ತವಲ್ಲೋ, ನಿಮ್ಮದೇ ಅಂತ ಹೇಗೆ ಹೇಳ್ತೀಯ ಅಂದೆ. "ಇಲ್ಲಿ ಸೊಟ್ಟ ಐತಲ್ಲ, ಗಾಡಿಯಿಂದ ಬೀಳಿಸಿದ್ದು ನಾನೇ" ಅಂದ.

ಆ ಚೀಟಿ ಇವತ್ತಿಗೂ ನನ್ನ ಹತ್ತಿರ ಇದೆ. ಕ್ಯಾನಿನ ಆಕಾರ ಸರಿಯಿಲ್ಲ, ಕುತ್ತಿಗೆ ಉದ್ದ ಆಗಿದೆ. ಆದರೆ ಆ ತಗ್ಗು ಸರಿಯಾಗಿ ಬಂದಿತ್ತು.

ಈಗ ಪೆನ್ನಿನ ವಿಚಾರ. ನಿಮ್ಮ ನಾಲ್ಕು ಕಪ್ಪು ಪೆನ್ನು ಫೈನ್‌ಲೈನರ್, ಅಂದರೆ ಸಣ್ಣ ತುದಿಯ ಡ್ರಾಯಿಂಗ್ ಪೆನ್ನು ಇರಬೇಕು, ಮೈಕ್ರಾನ್ ಅನ್ನೋ ಬ್ರಾಂಡಿನ ಥರದವು. ಮೈ ಮೇಲೆ 01, 03, 05 ಅಂತ ಅಚ್ಚು ಹಾಕಿರುತ್ತಾರೆ. ಅದು ನೇರ ಮಿಲಿಮೀಟರ್ ಅಲ್ಲ, ಮೈಕ್ರಾನಿನಲ್ಲಿ 01 ಅಂದರೆ 0.25 ಮಿ.ಮೀ. ಗೆರೆ, 05 ಅಂದರೆ 0.45 ಮಿ.ಮೀ. ನಾಲ್ಕನ್ನೂ ಹಿಡಿದುಕೊಂಡು ಒದ್ದಾಡಬೇಡಿ, 05 ಒಂದು ಸಾಕು. ತುದಿ ತೀರಾ ಸಣ್ಣದಿದ್ದರೆ ಕೈ ತಾನಾಗೇ ಸಣ್ಣ ಸಣ್ಣ ವಿವರಕ್ಕೆ ಇಳಿದುಬಿಡುತ್ತದೆ, ಲೋಟದ ಆಕಾರ ಮರೆತುಹೋಗುತ್ತದೆ. ಈ ಪೆನ್ನುಗಳ ಇಂಕಿನಲ್ಲಿ ಕರಗದ ಬಣ್ಣದ ಪುಡಿ ಇರುತ್ತದೆ, ಒಣಗಿದ ಮೇಲೆ ನೀರು ಬಿದ್ದರೂ ಹರಡೋದಿಲ್ಲ, ಬೇಗ ಮಾಸೋದೂ ಇಲ್ಲ. ತುದಿ ಮಾತ್ರ ನಾಜೂಕು. ಒತ್ತಿ ಬರೆಯುವ ಕೈಯಾದರೆ ತುದಿ ಒಳಗೆ ಹೋಗಿಬಿಡುತ್ತದೆ.

ಆದರೆ ಶುರು ಮಾಡೋಕೆ ನಾನು ಹೇಳುವುದು ಮಾಮೂಲಿ ಬಾಲ್ ಪೆನ್ನು. ಹತ್ತು ರೂಪಾಯಿದು. ಯಾಕೆ ಅಂದರೆ ಅದರ ಇಂಕು ಎಣ್ಣೆ ಥರ ಮಂದ, ತುದಿಯ ಗುಂಡು ಉರುಳಿದಷ್ಟೇ ಹಾಳೆಗೆ ಇಳಿಯುತ್ತದೆ. ಹಗುರವಾಗಿ ಹಿಡಿದರೆ ಬೂದಿ ಬಣ್ಣದ ಗೆರೆ, ಒತ್ತಿದರೆ ಕಡು ಗೆರೆ. ಪೆನ್ಸಿಲ್ಲಿನ ಅರ್ಧ ಗುಣ ಅದರಲ್ಲೇ ಇದೆ. ನೋಟ್ ಬುಕ್ಕಿನ ತೆಳು ಹಾಳೆಯಲ್ಲೂ ಆಚೆ ಬದಿಗೆ ಇಳಿಯೋದಿಲ್ಲ. ಒಂದೇ ತೊಂದರೆ, ಗುಂಡಿನ ಪಕ್ಕ ಇಂಕು ಮುದ್ದೆ ಕಟ್ಟುತ್ತದೆ, ಚೆನ್ನಾಗಿ ಬರುತ್ತಿರುವ ಗೆರೆಯ ಮಧ್ಯದಲ್ಲಿ ಪಟ್ ಅಂತ ಒಂದು ಬೊಟ್ಟು. ಪಕ್ಕದಲ್ಲಿ ಹಳೇ ಬಟ್ಟೆ ಚೂರು ಇಟ್ಟುಕೊಂಡು ಆಗಾಗ ಒರೆಸಿ. ಜೆಲ್ ಪೆನ್ನು ಕಪ್ಪಾಗಿ ಚೆನ್ನಾಗಿ ಬರುತ್ತದೆ, ಆದರೆ ಒಣಗುವ ಮುಂಚೆ ಕೈ ತಾಗಿದರೆ ಬಳಿದುಕೊಂಡು ಹೋಗುತ್ತದೆ. ಎಡಗೈಯವರಿಗಂತೂ ಬೇಡವೇ ಬೇಡ.

ಇಂಕ್ ಪೆನ್ನು ಬೇರೆಯದೇ ಸುಖ. ಅದಕ್ಕೆ ಹಾಕುವ ಮಾಮೂಲಿ ನೀಲಿ ಇಂಕು ನೀರಿನಲ್ಲಿ ಕರಗಿದ ಬಣ್ಣ. ಲೋಟ ಬರೆದು, ನೆರಳಿರುವ ಕಡೆ ಬೆರಳು ಒದ್ದೆ ಮಾಡಿ ಗೆರೆ ಮೇಲೆ ಸವರಿ ನೋಡಿ, ಗೆರೆ ಕರಗಿ ನೆರಳಾಗುತ್ತದೆ. ಬ್ರಷ್ ಕೂಡ ಬೇಕಿಲ್ಲ. ಆದರೆ ಒಂದು ಎಚ್ಚರ. ವಾಟರ್‌ಪ್ರೂಫ್ ಕಪ್ಪು ಡ್ರಾಯಿಂಗ್ ಇಂಕು ಅಂತ ಸಣ್ಣ ಸೀಸೆಯಲ್ಲಿ ಸಿಗುತ್ತದಲ್ಲ, ಅದನ್ನು ಇಂಕ್ ಪೆನ್ನಿಗೆ ಹಾಕಲೇಬೇಡಿ. ಅದರಲ್ಲಿರುವುದು ಕಾಡಿಗೆಯಂಥ ಮಸಿಪುಡಿ, ಜೊತೆಗೆ ಅರಗಿನಂಥ ಅಂಟು. ಒಣಗಿದರೆ ಪೆನ್ನಿನ ಒಳಗೇ ಕಲ್ಲು. ನಮ್ಮಪ್ಪ ಪಹಣಿ ಅರ್ಜಿಗಳಿಗೆಲ್ಲ ಸೈನ್ ಹಾಕುತ್ತಿದ್ದ ಹಳೇ ಪೆನ್ನೊಂದಿತ್ತು. ನಾನು ಡ್ರಾಯಿಂಗ್ ಮೇಷ್ಟ್ರು, ಎಲ್ಲ ಗೊತ್ತಿರುವವನು, ಅದಕ್ಕೇ ಆ ಇಂಕು ತುಂಬಿ ಹದಿನೈದು ದಿನ ಮರೆತೆ. ಉಗುರುಬೆಚ್ಚಗಿನ ನೀರಿನಲ್ಲಿ ಮೂರು ದಿನ ನೆನೆಹಾಕಿದೆ, ಏನೂ ಆಗಲಿಲ್ಲ. ಈಗ ಅದು ದೇವರ ಮನೆಯಲ್ಲಿದೆ, ಆಯುಧಪೂಜೆ ದಿನ ಕುಂಕುಮ ಇಡಿಸಿಕೊಳ್ಳುತ್ತದೆ ಅಷ್ಟೇ. ಆ ಕಪ್ಪು ಇಂಕು ಬೇಕೇ ಬೇಕು ಅಂದರೆ ಅದ್ದಿ ಬರೆಯುವ ನಿಬ್ಬು ತನ್ನಿ, ಬರೆದು ತೊಳೆದಿಡಿ. ಅಥವಾ ಕಡ್ಡಿ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಮುರಿದುಕೊಂಡು ಅದನ್ನೇ ಅದ್ದಿ ಬರೆಯಿರಿ, ತಮಾಷೆಗೆ ಹೇಳುತ್ತಿಲ್ಲ. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಬತ್ತಿ ಹೋಗಿ ಒಣ ಒಣ, ನೀವು ಅಂದುಕೊಂಡ ಹಾಗೆ ಬರುವುದೇ ಇಲ್ಲ, ಆದರೂ ನೋಡೋಕೆ ಚೆಂದ. ನಮ್ಮ ಹಳಬರ ದೌತಿ ಲೆಕ್ಕಣಿಕೆ ಅಂದರೂ ಇಂಥದೇ ಅಲ್ವಾ, ಮಸಿಕುಡಿಕೆ ಮತ್ತು ಚೂಪು ಮಾಡಿದ ಕಡ್ಡಿ. ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಅನ್ನೋ ಊರಿನಲ್ಲಿದ್ದಾಗ ಅಲ್ಲೇ ಬೆಳೆಯುವ ಜೊಂಡಿನ ಕಡ್ಡಿಯನ್ನು ಕೆತ್ತಿ ಪೆನ್ನು ಮಾಡಿಕೊಂಡು ಗದ್ದೆ, ಮರ, ಮನೆ ಬರೆದ. ನಮಗೆ ಬಿದಿರು ಇದೆ. ಒಂದು ತುದಿ ಓರೆಯಾಗಿ ಕೆತ್ತಿ, ಮಧ್ಯದಲ್ಲಿ ಬ್ಲೇಡಿನಿಂದ ಸಣ್ಣಗೆ ಸೀಳಿದರೆ ಆಯಿತು.

ಅಳಿಸೋಕಾಗುವುದಿಲ್ಲ ಅಂತ ಬರೆದಿದ್ದೀರಿ. ನಮ್ಮಲ್ಲಿ ಹಿಂದೆ ಎರಡೂ ಪದ್ಧತಿ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಚಿ ಕಡತ ಮಾಡುತ್ತಿದ್ದರು, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆದು ಬೇಕಾದಾಗ ಒರೆಸುತ್ತಿದ್ದರು. ಓಲೆಗರಿಯಲ್ಲಿ ಹಾಗಿಲ್ಲ. ಕಂಠ ಅನ್ನೋ ಚೂಪು ಕಡ್ಡಿಯಿಂದ ಕೊರೆದರೆ ಕೊರೆದ ಹಾಗೇ, ಆಮೇಲೆ ಮೇಲೆ ಮಸಿ ಸವರಿ ಒರೆಸಿದರೆ ಕೊರೆದ ಜಾಗದಲ್ಲಿ ಮಾತ್ರ ಮಸಿ ನಿಂತು ಅಕ್ಷರ ಕಾಣುತ್ತಿತ್ತು. ಇಂಕಿನಲ್ಲಿ ಚಿತ್ರ ಬರೆಯೋದು ಓಲೆಗರಿ ಜಾತಿಯದು. ಇನ್ನು ಅಳಿಸಲಾಗದ ಇಂಕು ಅಂತ ಹೆಸರೇ ಪಡೆದಿರುವುದು ಮೈಸೂರಿನಲ್ಲಿ ತಯಾರಾಗುವ ಚುನಾವಣೆ ಇಂಕು, 1962ರಿಂದ ನಮ್ಮ ಬೆರಳಿಗೆ ಹಚ್ಚುತ್ತಿದ್ದಾರೆ, ಅದೂ ಉಗುರು ಬೆಳೆದ ಹಾಗೆ ಹೊರಟುಹೋಗುತ್ತದೆ. ನಿಮ್ಮ ಸೊಟ್ಟ ಲೋಟ ಯಾವ ಲೆಕ್ಕ.

ತಪ್ಪು ಗೆರೆ ಬಂತು, ಏನು ಮಾಡಬೇಕು? ಅದನ್ನು ಬಿಟ್ಟು ಪಕ್ಕದಲ್ಲೇ ಸರಿಯಾದ ಗೆರೆ ಹಾಕಿ. ತಪ್ಪು ಗೆರೆ ಬಿದ್ದ ಮೇಲೇ ಸರಿ ಗೆರೆ ಎಲ್ಲಿರಬೇಕು ಅಂತ ಕಣ್ಣಿಗೆ ಕಾಣೋದು. ಅದಕ್ಕಿಂತ ಒಂದು ನೂಲು ಒಳಗೆ, ಒಂದು ನೂಲು ಆಚೆಗೆ ಅಂತ. ರಬ್ಬರ್ ಹಾಕಿದರೆ ಆ ಗುರುತೇ ಹೋಯಿತು, ಮತ್ತೆ ಅದೇ ತಪ್ಪನ್ನೇ ಬರೆಯುತ್ತೀರಿ. ಪೆನ್ಸಿಲ್ಲಿನಲ್ಲಿ ಬರೆದು ಆಮೇಲೆ ಇಂಕು ತಿದ್ದಲಾ ಅಂತ ಕೇಳಿದ್ದಕ್ಕೂ ಇದೇ ಉತ್ತರ. ಅದರಲ್ಲಿ ತಪ್ಪೇನಿಲ್ಲ, ಪುಸ್ತಕಕ್ಕೆ ಚಿತ್ರ ಬರೆಯುವವರು ಹಾಗೇ ಮಾಡುತ್ತಾರೆ. ನಿಮಗೆ ಮಾತ್ರ ಈಗ ಬೇಡ. ಪೆನ್ಸಿಲ್ ಗೆರೆ ಮೇಲೆ ಪೆನ್ನು ಓಡಿಸುವಾಗ ಕಣ್ಣು ಪೆನ್ಸಿಲ್ ಗೆರೆಯನ್ನು ನೋಡುತ್ತದೆ, ಲೋಟವನ್ನಲ್ಲ. ಅದು ಮಕ್ಕಳು ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದಿದ ಹಾಗೆ. ನೀರಸ.

ಕೈ ನಡುಕಕ್ಕೆ ಬರೋಣ. ನೀವು ಮನೆ ಮುಂದೆ ರಂಗೋಲಿ ಹಾಕುತ್ತೀರಾ ಅಂತ ಬರೆದಿಲ್ಲ, ಆದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅದು ಹೇಳಿಕೊಡದೇ ಬಂದಿರುತ್ತದೆ. ಬೆಳಗ್ಗೆ ಆರಕ್ಕೆ ನಿದ್ದೆಗಣ್ಣಿನಲ್ಲಿ ಬಗ್ಗಿ ಎಳೆದ ಗೆರೆ ನಡುಗುವುದಿಲ್ಲ, ಯಾಕೆ? ಅಲ್ಲಿ ಇಡೀ ತೋಳು ಓಡಾಡುತ್ತದೆ, ಭುಜದಿಂದ. ಬೆರಳು ಪುಡಿ ಬಿಡುತ್ತದೆ ಅಷ್ಟೇ. ಪೆನ್ನು ಹಿಡಿದ ತಕ್ಷಣ ನಾವು ಮಣಿಕಟ್ಟನ್ನು ಹಾಳೆಗೆ ಊರಿ ಬೆರಳಿನಲ್ಲಿ ಮಾತ್ರ ಎಳೆಯುತ್ತೇವೆ, ಒಂದೂವರೆ ಇಂಚಿನ ಆಚೆ ಬೆರಳು ಹೋಗುವುದಿಲ್ಲ, ಅಲ್ಲಿಂದ ನಡುಕ ಶುರು. ಕಿರುಬೆರಳ ಉಗುರು ಮಾತ್ರ ಹಾಳೆಗೆ ತಾಗಿಸಿ, ಮೊಣಕೈಯಿಂದ ಎಳೆಯಿರಿ. ಉದ್ದ ಗೆರೆಯಾದರೆ ಎಲ್ಲಿ ಮುಗಿಯಬೇಕೋ ಅಲ್ಲಿ ಮೊದಲೇ ಒಂದು ಚುಕ್ಕಿ ಇಡಿ, ಕಣ್ಣು ಆ ಚುಕ್ಕಿಯ ಮೇಲಿರಲಿ, ಪೆನ್ನಿನ ತುದಿ ಮೇಲೆ ಬೇಡ. ಚುಕ್ಕಿ ಇಟ್ಟು ಎಳೆ ಎಳೆಯೋದು ನಿಮಗೆ ನಾನು ಹೇಳಿಕೊಡಬೇಕಾ? ಲೋಟಕ್ಕೆ ಆರು ಚುಕ್ಕಿ ಸಾಕು. ಬಾಯಿಯ ಎಡ, ಬಲ, ಮೇಲೆ, ಕೆಳಗೆ, ತಳದ ಎಡ, ಬಲ. ಇನ್ನೊಂದು ವಿಷಯ, ರಂಗೋಲಿ ಮಾರನೇ ದಿನ ಗುಡಿಸಿ ಹೋಗುತ್ತದೆ ಅಂತ ಗೊತ್ತಿರುವುದಕ್ಕೇ ಅದನ್ನು ಹಾಕುವಾಗ ಭಯ ಇರುವುದಿಲ್ಲ. ಹಳೇ ನೋಟ್ ಬುಕ್ ತನ್ನಿ ಅಂದದ್ದು ಇದಕ್ಕೇ.

ಲೋಟ ಯಾಕೆ ಸೊಟ್ಟ ಬರುತ್ತದೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ. ಲೋಟದ ಬಾಯಿ ಗುಂಡಗಿದೆ ಅಂತ ನಮ್ಮ ತಲೆಗೆ ಗೊತ್ತು. ಅದು ಮೇಜಿನ ಮೇಲೆ ನೆಟ್ಟಗೆ ಕೂರುತ್ತದೆ ಅಂತಲೂ ಗೊತ್ತು. ಹಾಗಾಗಿ ಬಾಯಿಯನ್ನು ಗುಂಡಗೆ ಬರೆದು, ತಳವನ್ನು ಸ್ಕೇಲ್ ಇಟ್ಟ ಹಾಗೆ ನೇರ ಗೆರೆ ಎಳೆಯುತ್ತೇವೆ. ಎರಡೂ ಕಣ್ಣಿಗೆ ಕಂಡದ್ದಲ್ಲ. ಒಂದು ಸ್ಟೀಲ್ ಲೋಟಕ್ಕೆ ಅರ್ಧ ಕಾಫಿ ಹಾಕಿಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಬಾಯಿ ಒಂದು ಗೆರೆ ಅಷ್ಟೇ. ಈಗ ನಿಧಾನಕ್ಕೆ ಇಳಿಸಿ. ಗೆರೆ ಬಾಯಿ ಬಿಡುತ್ತಾ ಬರುತ್ತದೆ, ಮೊದಲು ಅಕ್ಕಿ ಕಾಳಿನ ಹಾಗೆ ತೆಳ್ಳಗೆ, ಆಮೇಲೆ ಮೊಟ್ಟೆ, ಕೆಳಗೆ ಹೋದ ಹಾಗೆ ಇನ್ನೂ ಗುಂಡಗೆ, ಕೊನೆಗೆ ಒಳಗಿನ ಕಾಫಿ ಕಾಣುತ್ತದೆ. ಅಂದರೆ ಕಣ್ಣಿನ ಮಟ್ಟದಿಂದ ಎಷ್ಟು ಕೆಳಗೋ ಅಷ್ಟು ಗುಂಡಗೆ. ಹಾಗಾದರೆ ತಳ? ತಳ ಬಾಯಿಗಿಂತಲೂ ಕೆಳಗಿದೆ, ಹಾಗಾಗಿ ಅದರ ಬಾಗು ಬಾಯಿಯ ಬಾಗಿಗಿಂತ ಒಂದು ಚೂರು ಜಾಸ್ತಿ ಇರಬೇಕು. ತಳ ನೇರ ಎಳೆದ ತಕ್ಷಣ ಲೋಟ ಮೇಜಿನಿಂದ ಜಾರಿದ ಹಾಗೆ ಕಾಣೋದು ಅದಕ್ಕೇ. ಬಾಯಿಯ ಎಡ ಬಲ ತುದಿಗಳಲ್ಲಿ ಚೂಪು ಮೂಲೆ ಬರಬಾರದು, ಅಲ್ಲೂ ಅದು ತಿರುಗುತ್ತಲೇ ಇರುತ್ತದೆ. ಇದನ್ನು ಪೆನ್ನು ಮುಟ್ಟುವ ಮುಂಚೆ ಗಾಳಿಯಲ್ಲಿ ಎರಡು ಮೂರು ಸಲ ಸುತ್ತಿ, ಆಮೇಲೆ ಹಾಗೇ ಇಳಿಸಿ ಎಳೆದುಬಿಡಿ. ಒಂದು ಸುತ್ತು ಸರಿಯಿಲ್ಲದಿದ್ದರೆ ಅದರ ಮೇಲೇ ಇನ್ನೊಂದು ಸುತ್ತು.

ಲೋಟ ಕೈಗೆ ಬಂದ ಮೇಲೆ ಈಳಿಗೆಮಣೆ ಇಟ್ಟುಕೊಳ್ಳಿ. ನನ್ನ ಪ್ರಕಾರ ಮನೆಯಲ್ಲಿ ಇದಕ್ಕಿಂತ ಚೆಂದದ ವಸ್ತು ಇನ್ನೊಂದಿಲ್ಲ. ನಮ್ಮಮ್ಮನದು ಈಗಲೂ ಇದೆ. ಮಣೆಯ ಒಂದು ಕಡೆ, ಕಾಲು ಒತ್ತಿ ಕೂರುತ್ತಿದ್ದ ಜಾಗದಲ್ಲಿ ಮರ ಸವೆದು ನುಣ್ಣಗೆ ಹಳ್ಳ ಬಿದ್ದಿದೆ. ಅಲಗು ಮಸೆದು ಮಸೆದು ಮಧ್ಯದಲ್ಲಿ ಸಣ್ಣಗಾಗಿ, ಹೊಟ್ಟೆ ಒಳಗೆ ಎಳೆದುಕೊಂಡ ಹಾಗೆ ಬಾಗಿದೆ. ತುದಿಯಲ್ಲಿ ಕಾಯಿ ತುರಿಯುವ ಹಲ್ಲುಗಳು, ಎರಡು ಮುರಿದಿವೆ. ಮೊದಲ ಸಲ ಬರೆದಾಗ ಅಲಗು ಬರಲೇ ಇಲ್ಲ, ಕುಡುಗೋಲಾಯಿತು. ಎರಡನೇ ಸಲ ಅಲಗನ್ನು ನೋಡುವುದೇ ಬಿಟ್ಟೆ. ಅಲಗಿಗೂ ಮಣೆಗೂ ಮಧ್ಯೆ ಇರುವ ಖಾಲಿ ಜಾಗ ನೋಡಿದೆ, ಗಾಳಿ ಓಡಾಡುವ ಜಾಗ. ಅದಕ್ಕೊಂದು ಆಕಾರ ಇತ್ತು, ಹೆಚ್ಚು ಕಡಿಮೆ ಮಾವಿನಕಾಯಿ ಹೋಳಿನ ಹಾಗೆ. ಆ ಖಾಲಿ ಹೋಳನ್ನು ಬರೆದೆ, ಅಲಗು ತಾನಾಗೇ ಬಂದು ಕೂತಿತು. ಖಾಲಿ ಜಾಗಕ್ಕೆ ಹೆಸರಿಲ್ಲ, ಹೆಸರಿಲ್ಲದಿದ್ದರೆ ತಲೆ ಮೂಗು ತೂರಿಸುವುದಿಲ್ಲ. ಕುರ್ಚಿಯ ಕಾಲು, ಲೋಟದ ಪಕ್ಕದ ಸೌಟು, ಕಪ್ಪಿನ ಹಿಡಿಯ ಒಳಗಿನ ತೂತು, ಎಲ್ಲೆಲ್ಲಿ ಸಿಕ್ಕಿಬಿದ್ದರೂ ಈ ಉಪಾಯ ಕೆಲಸ ಮಾಡುತ್ತದೆ.

ನೆರಳು ಹಾಕುವ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಇಂಕಿನಲ್ಲಿ ಬಿಳಿ ಇಲ್ಲ, ಬಿಳಿ ಅಂದರೆ ನೀವು ಮುಟ್ಟದೇ ಬಿಟ್ಟ ಹಾಳೆ. ಹಾಗಾಗಿ ಟ್ಯೂಬ್‌ಲೈಟ್ ಆರಿಸಿ, ಒಂದೇ ಕಿಟಕಿಯ ಬೆಳಕಿನಲ್ಲಿ ವಸ್ತು ಇಟ್ಟು, ಮೊದಲು ಎಲ್ಲಿ ಬಿಡಬೇಕು ಅಂತ ನೋಡಿಕೊಳ್ಳಿ. ಉಳಿದ ಕಡೆ ಒತ್ತೊತ್ತಾಗಿ ಗೆರೆ, ಇನ್ನೂ ಕಪ್ಪು ಬೇಕಾದರೆ ಅದರ ಮೇಲೆ ಅಡ್ಡ ಗೆರೆ. ಗೆರೆ ವಸ್ತುವಿನ ಮೈ ಹಿಡಿದು ಹೋಗಬೇಕು, ಚೆಂಬಿನ ಹೊಟ್ಟೆ ಮೇಲಾದರೆ ಬಳೆ ತೊಡಿಸಿದ ಹಾಗೆ ಬಾಗಬೇಕು. ಹೊಳೆಯುವ ಸ್ಟೀಲು ಶುರುವಿನಲ್ಲಿ ಕಷ್ಟ, ಅದರ ಮೈಯಲ್ಲಿ ಇಡೀ ಅಡುಗೆಮನೆ ಕಾಣುತ್ತಿರುತ್ತದೆ. ತೆಂಗಿನಕಾಯಿ, ಚಪ್ಪಲಿ, ಮುದ್ದೆ ಕೋಲು, ಹಳೇ ಬೀಗ, ಬೆಳ್ಳುಳ್ಳಿ ಗಡ್ಡೆ, ಇವು ಸುಲಭ, ಇವು ಮೋಸ ಮಾಡುವುದಿಲ್ಲ.

ಎಷ್ಟು ಬಿಡಬೇಕು ಅನ್ನೋದನ್ನು ನನಗೆ ಕಲಿಸಿದ್ದು ಚಂದ್ರಿಕೆ. ನಮ್ಮ ಕಡೆ, ಶಿಡ್ಲಘಟ್ಟದ ಆಸುಪಾಸಿನಲ್ಲಿ, ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದಾಗ ಬಿಡುವ ಬಿದಿರಿನ ಚಂದ್ರಿಕೆಗಳನ್ನು ಮನೆ ಗೋಡೆಗೆ ಸಾಲಾಗಿ ಒರಗಿಸಿರುತ್ತಾರೆ. ಸುಮಾರು ಆರ‍ಡಿ ಉದ್ದ ನಾಲ್ಕಡಿ ಅಗಲದ ಚಾಪೆ, ಅದರ ಮೇಲೆ ಬಿದಿರು ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಈಗ ಪ್ಲಾಸ್ಟಿಕ್ಕಿನವೂ ಬಂದಿವೆ, ಅವನ್ನು ಬರೆಯೋಕೆ ಮನಸ್ಸಾಗುವುದಿಲ್ಲ. ಮೊದಲ ದಿನ ಹೊರಗಿನ ಸುತ್ತಿನಿಂದ ಶುರು ಮಾಡಿ ಒಂದೊಂದೇ ಸುತ್ತು ಬರೆದೆ, ಒಂದು ಗಂಟೆ ಆಯಿತು, ಮಧ್ಯಕ್ಕೆ ಬರುವಷ್ಟರಲ್ಲಿ ಜಿಲೇಬಿ ಆಗಿತ್ತು, ನಡುವೆ ಎಲ್ಲೋ ಲೆಕ್ಕ ತಪ್ಪಿ ಎರಡು ಸುತ್ತು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಮಾರನೇ ದಿನ ಬರೀ ಚೌಕಟ್ಟು ಬರೆದು, ಬೆಳಕು ಬಿದ್ದ ಮೂಲೆಯಲ್ಲಿ ನಾಲ್ಕು ಸುತ್ತನ್ನು ಮಾತ್ರ ಸರಿಯಾಗಿ, ಪಟ್ಟಿಯ ದಪ್ಪ, ಕಟ್ಟಿದ ದಾರ, ಅಂಟಿಕೊಂಡಿದ್ದ ಹಳೇ ರೇಷ್ಮೆ ಎಳೆ ಎಲ್ಲ ಸಮೇತ ಬರೆದೆ. ಉಳಿದ ಸುತ್ತು ತುಂಡು ತುಂಡು ಗೆರೆ, ಮಧ್ಯದಲ್ಲಿ ಏನೂ ಇಲ್ಲ. ನಮ್ಮ ಮನೆಯವಳಿಗೆ ತೋರಿಸಿದರೆ, "ಒಂದು ಸುತ್ತೂ ಬಿಡದೆ ಬರೆದಿದ್ದೀರಲ್ಲ" ಅಂದಳು.

ಫೋನಿನಲ್ಲಿ ಕಾಣುವವರ ಬಗ್ಗೆ ಒಂದೇ ಮಾತು. ಅಲ್ಲಿ ಒಂದು ಗಂಟೆಯ ಕೆಲಸವನ್ನು ಒಂದು ನಿಮಿಷಕ್ಕೆ ಓಡಿಸಿರುತ್ತಾರೆ, ಕೆಟ್ಟ ಚಿತ್ರ ಹಾಕುವುದಿಲ್ಲ. ಬರೆಯುವ ಹೊತ್ತಿನಲ್ಲಿ ಫೋನು ಬೇರೆ ಕೋಣೆಯಲ್ಲಿರಲಿ. ಅವರ ಬದಲು ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಕಾಗೆಗಳನ್ನು ಹುಡುಕಿ ನೋಡಿ. ದೇಶಕ್ಕೆಲ್ಲ ಗೊತ್ತಿದ್ದ ವ್ಯಂಗ್ಯಚಿತ್ರಕಾರರು, ಆದರೆ ಯಾರೂ ತಿರುಗಿ ನೋಡದ ಆ ಹಕ್ಕಿಯನ್ನು ಚಿಕ್ಕಂದಿನಿಂದ ವಯಸ್ಸಾಗುವವರೆಗೂ ಬರೆಯುತ್ತಲೇ ಇದ್ದರು. ನೀವೂ ಹಾಗೇ, ಒಂದು ವಾರ ಒಂದೇ ವಸ್ತು. ಸೋಮವಾರ ಲೋಟ, ಮಂಗಳವಾರ ಚಪ್ಪಲಿ ಅಂತ ಬದಲಾಯಿಸುತ್ತಾ ಹೋದರೆ ದಿನವೂ ಹೊಸಬರ ಮನೆಗೆ ಹೋದ ಹಾಗೆ, ಸಂಕೋಚ ಬಿಡುವಷ್ಟರಲ್ಲಿ ಎದ್ದು ಬರಬೇಕು. ನಾಲ್ಕನೇ ದಿನಕ್ಕೆ ಲೋಟದ ಅಂಚಿನಲ್ಲಿ ಮೊದಲ ದಿನ ಕಾಣದ ಮಡಿಕೆಯೊಂದು ಕಾಣುತ್ತದೆ, ಹದಿನೈದು ವರ್ಷದಿಂದ ಅದರಲ್ಲೇ ಕಾಫಿ ಕುಡಿಯುತ್ತಿದ್ದೀರಿ, ಗೊತ್ತೇ ಇರಲಿಲ್ಲ. ಆಗಿನ ಖುಷಿ ಮತ್ತೆ ಬರುತ್ತದಾ ಅಂತ ಕೇಳಿದಿರಲ್ಲ, ನನಗೆ ಬಂದದ್ದು ಇಂಥ ಜಾಗದಿಂದಲೇ. ಹೈಸ್ಕೂಲಿನ ಖುಷಿ ಬೇರೆ ಇತ್ತು, ಅದರಲ್ಲಿ ಮಾರ್ಕ್ಸು, ಮೇಷ್ಟ್ರ ಶಭಾಷು ಎಲ್ಲ ಸೇರಿತ್ತು.

ಹೊತ್ತು ಎಲ್ಲಿಂದ ತರಲಿ ಅಂದರೆ, ಕುಕ್ಕರ್ ಮೂರು ವಿಷಲ್ ಕೂಗುವಷ್ಟು ಸಾಕು. ಚಿತ್ರ ಬಿಡಿಸೋದು ಅಂತಲೂ ಅನ್ನುತ್ತೇವಲ್ಲ, ಅವರೆಕಾಯಿ ಬಿಡಿಸಿದ ಹಾಗೆ. ಮಾತಾಡುತ್ತಾ ಕೂತು ಒಂದೊಂದೇ ಕಾಯಿ, ಯಾರೂ ಗಡಿಯಾರ ನೋಡುವುದಿಲ್ಲ, ನೋಡನೋಡುತ್ತಾ ಮೊರ ತುಂಬಿರುತ್ತದೆ. ವಿಷಲ್ ಕೂಗಿದರೆ ಅರ್ಧಕ್ಕೇ ಬಿಟ್ಟು ಎದ್ದುಹೋಗಿ. ಪೂರ್ತಿ ಮಾಡೋಕೆ ಮಾರನೇ ದಿನ ಅದೇ ಚಿತ್ರಕ್ಕೆ ಕೂರಬೇಡಿ, ಪಕ್ಕದಲ್ಲಿ ಹೊಸದಾಗಿ ಬರೆಯಿರಿ. ಕೆಳಗೆ ತಾರೀಖು ಹಾಕಿ, ಬೇಕಿದ್ದರೆ ಒಂದು ಸಾಲು, ಮಳೆ ಬರ್ತಿತ್ತು, ಗ್ಯಾಸ್ ಖಾಲಿ ಆಯ್ತು, ಏನಾದರೂ.

ಕ್ಲಾಸು ಈಗ ಬೇಡ. ಮೂವತ್ತು ನಲವತ್ತು ಚಿತ್ರ ಆದ ಮೇಲೆ ನಿಮ್ಮ ಪ್ರಶ್ನೆ ಬದಲಾಗಿರುತ್ತದೆ. ನನಗೆ ಬರುತ್ತದಾ ಅಂತ ಕೇಳುವುದಿಲ್ಲ, ಬಕೆಟ್ಟಿನ ಹಿಡಿ ವಾಲಿದಾಗ ಅದರ ನೆರಳು ಯಾಕೆ ಹಾಗೆ ಬೀಳುತ್ತದೆ ಅಂತ ಕೇಳುತ್ತೀರಿ. ಆ ಪ್ರಶ್ನೆ ಹಿಡಿದುಕೊಂಡು ಹೋದರೆ ಯಾವ ಮೇಷ್ಟ್ರಾದರೂ ಕೂರಿಸಿ ಹೇಳಿಕೊಡುತ್ತಾರೆ. ಆಗಲೇ ಬೀರುವಿನ ಮೇಲಿನ ಸ್ಕೆಚ್ ಬುಕ್ಕನ್ನೂ ಇಳಿಸಿ. ಮೊದಲ ಮೂರು ಪುಟ ಹರಿಯಬೇಡಿ. ನಾಲ್ಕನೇ ಪುಟಕ್ಕೆ ಅದೇ ಲೋಟ ಇಟ್ಟುಕೊಳ್ಳಿ.